ಇಲ್ಲಿ ಹಠಮಾರಿ ಚೆನ್ನಾಗಿದೆ

ಜನವರಿ 19

ಪ್ರೀತಿಯ ಅಕ್ಕನಿಗೆ,

ಮೊದಲು ಒಳ್ಳೆಯ ಸುದ್ದಿ, ಆಮೇಲೆ ಬೇಡಿಕೆ. ಬೇಡಿಕೆ ಇಲ್ಲದೆ ಇವನು ಕಾಗದ ಬರೆಯುವವನಲ್ಲ ಎಂದು ನೀನು ಈಗಾಗಲೇ ಭಾವನ ಕಡೆ ನೋಡಿ ನಕ್ಕಿರುತ್ತೀಯ. ನಗು, ಪರವಾಗಿಲ್ಲ.

ಉದ್ಯಾನ ಪ್ರದರ್ಶನಕ್ಕೆ ನನ್ನ ನಕ್ಷೆ ಆಯ್ಕೆಯಾಗಿದೆ. ನೂರಾರು ಜನ ಕಳಿಸಿದ್ದರು, ಜಾಗ ಸಿಕ್ಕಿದ್ದು ಹನ್ನೆರಡು ಮಂದಿಗೆ. ಹತ್ತು ಹೆಜ್ಜೆ ಅಗಲ, ಹದಿನಾಲ್ಕು ಹೆಜ್ಜೆ ಉದ್ದದ ಬರಿ ನೆಲ. ಮಾರ್ಚ್ ಕೊನೆಗೆ ಅದು ತೋಟವಾಗಿರಬೇಕು. ನನ್ನ ತೋಟಕ್ಕೆ ಹೊಸದಾಗಿ ಏನನ್ನೂ ತರಬಾರದೆಂದು ನಾನೇ ಕಟ್ಟು ಹಾಕಿಕೊಂಡಿದ್ದೇನೆ. ಗೋಡೆಗೆ ಕೆಡವಿದ ನೂಲಿನ ಗಿರಣಿಯ ಇಟ್ಟಿಗೆ, ಸಿಮೆಂಟಿನ ಬದಲು ಸುಣ್ಣದ ಗಾರೆ, ಕೂರಲು ಮುರಿದ ದೋಣಿಯ ಹಲಗೆ, ಕಾಲುದಾರಿಗೆ ಒಡೆದ ಹೆಂಚಿನ ಚೂರು. ಗಿಡಗಳೂ ಹಾಗೆಯೇ. ಎಲ್ಲೆಡೆಯಿಂದ ಮಾಯವಾಗುತ್ತಿರುವವೇ ಇಲ್ಲಿ ಬೇರೂರಬೇಕು.

ಗೋಡೆಯ ನಡುವೆ ಒಂದು ಬಿರುಕು ಬಿಡುತ್ತೇನೆ. ಆ ಬಿರುಕಿನಲ್ಲಿ ಏನಿರಬೇಕೆಂದು ನಾನು ಹೇಳುವ ಮೊದಲೇ ಭಾವನಿಗೆ ಗೊತ್ತಾಗಿರುತ್ತದೆ.

ಅಕ್ಕಾ, ಭಾವ ತಾವೇ ಹೆಸರಿಟ್ಟ ಹಠಮಾರಿ ಗಿಡದಲ್ಲಿ ಒಂದನ್ನು ಕೊಡುತ್ತಾರಾ? ಕೇಳಲು ನನಗೆ ಬಾಯಿ ಬರುವುದಿಲ್ಲ, ನೀನೇ ಕೇಳು. ಆ ಬಂಡೆಗುಡ್ಡವನ್ನು ಜಲ್ಲಿಗಾಗಿ ಒಡೆಯುವ ಮುಂಚೆ ಅವರು ಹಗ್ಗ ಕಟ್ಟಿಕೊಂಡು ಇಳಿದು ತಂದ ಬೀಜ ಅದು. ಹನ್ನೊಂದು ವರ್ಷ ಕಾದು ಹೂ ನೋಡಿದರು. ಲೋಕದಲ್ಲಿ ಉಳಿದಿರುವುದೇ ಎರಡು, ಅವೆರಡೂ ನಿಮ್ಮ ಹಿತ್ತಲಲ್ಲಿ. ಆದರೆ ಜನ ನೋಡಲಿ ಅಂತ ಅವರೇ ಅನ್ನುತ್ತಿದ್ದರಲ್ಲವೇ?

ಅವರ ಕೆಮ್ಮು ಹೇಗಿದೆ? ನಿಜ ಬರೆ.

ನಿನ್ನ ತಮ್ಮ


ಜನವರಿ 27

ಮರಿ,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಎರಡು ಸಲ ಓದಿದೆ. ಮೊದಲ ಸಲ ಹೆಮ್ಮೆಗೆ, ಎರಡನೇ ಸಲ ಅವರು ಕೇಳಿಸಿಲ್ಲವೆಂದು ನಾಟಕ ಮಾಡಿದ್ದಕ್ಕೆ.

"ನಮ್ಮ ಮೇಸ್ತ್ರಿ ದೊಡ್ಡವನಾಗಿಬಿಟ್ಟನಲ್ಲೇ" ಅಂದರು. ಒಂಬತ್ತು ವರ್ಷದವನು, ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ನಮ್ಮ ಮನೆಗೆ ಬಂದವನು, ಮೂರು ದಿನ ಯಾರೊಡನೆಯೂ ಮಾತಾಡದೆ ಹಿತ್ತಲಲ್ಲಿ ಮಣ್ಣಿನ ಗೋಡೆ ಕಟ್ಟಿದ್ದೆಯಲ್ಲ, ಆವತ್ತಿನಿಂದ ನೀನು ಅವರಿಗೆ ಮೇಸ್ತ್ರಿಯೇ. ತಾವು ಕೆಲಸ ಮಾಡುತ್ತಿದ್ದ ಬೀಜಸಂಗ್ರಹದ ಕಚೇರಿಗೂ ನಿನ್ನನ್ನು ಹಾಗೆಯೇ ಪರಿಚಯ ಮಾಡಿಸಿದ್ದರು.

ಗಿಡ ಕೊಡುವ ಮಾತಿಗೆ ಹಿತ್ತಲ ಕಡೆ ನೋಡಿದರು. ಆಮೇಲೆ, "ಎರಡರಲ್ಲಿ ಒಂದು ಹೋಗಲಿ ಬಿಡು. ಎರಡೂ ಒಂದೇ ಮನೆಯಲ್ಲಿದ್ದರೆ ಅದೂ ಅಪಾಯವೇ" ಅಂದರು.

"ಮನಸ್ಸಿನಿಂದ ಹೇಳ್ತಿದ್ದೀರಾ?" ಅಂತ ಕೇಳಿದೆ.

"ಬೇರೆ ಯಾರಾದ್ರೂ ಕೇಳಿದ್ದರೆ ಒದ್ದು ಓಡಿಸ್ತಿದ್ದೆ. ಇವನಿಗೆ ಇಲ್ಲ ಅನ್ನೋಕೆ ಆಗುತ್ತೇನೇ?"

ಬೀಜಸಂಗ್ರಹದ ಗಾಡಿ ಮುಂದಿನ ವಾರ ನಿಮ್ಮೂರಿಗೆ ಬರುತ್ತದೆ. ಅದರಲ್ಲಿ ಕಳಿಸುತ್ತೇವೆ. ಕುಂಡದಲ್ಲಿರುವ ಆ ಗುಡ್ಡದ ಜಲ್ಲಿಯನ್ನು ಬೇರಿನಿಂದ ಬಿಡಿಸಬಾರದಂತೆ. ಬರೆದುಕೋ ಎಂದು ಹೇಳಿ ಬರೆಸಿದ್ದಾರೆ.

ಕೆಮ್ಮು ಇದೆ. ವಯಸ್ಸಾಯಿತಲ್ಲ. ಮಾತಾಡಿದರೆ ಹೆಚ್ಚಾಗುತ್ತದೆ, ಡಾಕ್ಟರು ಮಾತು ಕಡಿಮೆ ಮಾಡಿ ಅಂದಿದ್ದಾರೆ. ಆದ್ದರಿಂದ ಫೋನ್ ಮಾಡಬೇಡ, ಬರೆ. ನಿನ್ನ ಕಾಗದ ಬಂದ ದಿನ ಅವರು ಎರಡು ತುತ್ತು ಹೆಚ್ಚು ತಿನ್ನುತ್ತಾರೆ.

ನಿನ್ನ ಅಕ್ಕ


ಫೆಬ್ರವರಿ 14

ಪ್ರೀತಿಯ ಅಕ್ಕನಿಗೆ,

ಹಠಮಾರಿ ಬಂದು ಮುಟ್ಟಿತು. ಒಂದು ಎಲೆಯೂ ಮುರಿದಿಲ್ಲ. ಪೆಟ್ಟಿಗೆಯ ಮೇಲೆ ಭಾವ ಬರೆದ "ಮೇಲ್ಭಾಗ ಮೇಲಿರಲಿ, ಕತ್ತೆಗಳೇ" ಎಂಬ ಸೂಚನೆಯನ್ನು ಇಲ್ಲಿ ಎಲ್ಲರೂ ಓದಿ ನಕ್ಕರು. ಅಕ್ಷರ ಸ್ವಲ್ಪ ನಡುಗಿದಂತಿತ್ತು. ಓಡುವ ಗಾಡಿಯಲ್ಲಿ ಬರೆದರೋ?

ಗೋಡೆ ಎದೆಯೆತ್ತರಕ್ಕೆ ಬಂದಿದೆ. ಗಾರೆ ಕೆಲಸಕ್ಕೆ ಬಂದಿರುವ ಹೆಂಗಸು ಬಲು ಜೋರು. ಸುಣ್ಣ ಕಲಸುವಾಗ ನಾನು ಹತ್ತಿರ ಹೋದರೆ, "ಸಾರ್, ನೀವು ಪೇಪರ್ ಮೇಲೆ ಗೀಚಿ, ಇದು ಕೈಗೆ ಗೊತ್ತಿರೋ ಕೆಲಸ" ಅನ್ನುತ್ತಾಳೆ. ಅವಳಿಗೆ ಹಠಮಾರಿಯನ್ನು ತೋರಿಸಿದೆ. "ಇಷ್ಟಕ್ಕೇನಾ ಇಷ್ಟು ದೊಡ್ಡ ಗೋಡೆ?" ಅಂದಳು. ಕೈಬೆರಳುದ್ದದ ಬೂದು ಎಲೆಗಳ ಗಿಡ, ನೋಡಿದರೆ ಹಾಗೇ ಅನಿಸುತ್ತದೆ.

ನಿನ್ನೆ ಪತ್ರಿಕೆಯವರು ಬಂದಿದ್ದರು. ಇಡೀ ತೋಟದಲ್ಲಿ ಹೊಸದಾಗಿ ಅಗೆದು ತಂದ ಒಂದು ಹಿಡಿ ಕಲ್ಲೂ ಇರುವುದಿಲ್ಲ ಎಂದೆ. ಅದನ್ನೇ ತಲೆಬರಹ ಮಾಡಿದ್ದಾರೆ. ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ, ಭಾವನಿಗೆ ಓದು.

ನಿನ್ನ ತಮ್ಮ


ಮಾರ್ಚ್ 9

ಅಕ್ಕಾ,

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಆ ಪತ್ರಿಕೆಯ ಹಾಳೆ ನೋಡಿ ಭಾವನಿಗೆ ಕೋಪ ಬಂತೇ? ಗಿಡವನ್ನು ಮೆರವಣಿಗೆ ಮಾಡಿಸುತ್ತಿದ್ದೇನೆ ಅನಿಸಿತೇ? ಕೋಪ ಬಂದರೆ ಅವರು ಬೈಯುವುದಿಲ್ಲ, ಮೌನವಾಗುತ್ತಾರೆ ಅನ್ನುವುದು ನನಗೆ ಗೊತ್ತು.

ಬೈದರೂ ಸರಿ, ಈ ಒಂದು ಪ್ರಶ್ನೆಗೆ ಉತ್ತರ ಕೊಡಿಸು. ಹಠಮಾರಿಯನ್ನು ಗೋಡೆಯ ಬಿರುಕಿಗೆ ಇಳಿಸಿ ಹದಿಮೂರು ದಿನವಾಯಿತು. ಏಳು ಮೊಗ್ಗು ಬಿಟ್ಟಿದೆ! ನನಗೆ ಕುಣಿಯುವಷ್ಟು ಖುಷಿ. ಆದರೆ ಕೆಳಗಿನ ಎಲೆಗಳ ಅಂಚು ಹಳದಿಯಾಗುತ್ತಿದೆ. ಮೊಗ್ಗು ಹಾಗೇ ಬಿಡಲೋ, ಚಿವುಟಿಬಿಡಲೋ? ಚಿವುಟಿದರೆ ತೀರ್ಪುಗಾರರು ಬರುವ ದಿನ ಬರಿ ಎಲೆ. ಬಿಟ್ಟರೆ ಗಿಡಕ್ಕೆ ಭಾರವಾಗುತ್ತದೋ ಏನೋ. ಇಲ್ಲಿಯ ಸಸ್ಯತಜ್ಞರನ್ನು ಕೇಳಬಹುದು, ಆದರೆ ಇದನ್ನು ಬೆಳೆಸಿ ಗೊತ್ತಿರುವವರು ಭೂಮಿಯ ಮೇಲೆ ಒಬ್ಬರೇ. ಅವರು ಹೇಳಿದಂತೆ ಮಾಡುತ್ತೇನೆ. ಬೇಗ ಬರೆ.

ತಮ್ಮ


ಮಾರ್ಚ್ 16

ಮರಿ,

ಕೋಪವೇನಿಲ್ಲ. ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕ ಎಣಿಸುವ ಕೆಲಸ ಇತ್ತು, ಬರೆಯಲು ಆಗಲಿಲ್ಲ.

ಮೊಗ್ಗು ಬಿಡು ಅಂದರು. ಚಿವುಟಬೇಡ. ನೀರು ಸ್ವಲ್ಪ ಕಡಿಮೆ ಮಾಡು. ಅಷ್ಟೇ ಹೇಳಿದ್ದು.

ಇಲ್ಲಿ ನಮ್ಮ ಹಠಮಾರಿ ಚೆನ್ನಾಗಿದೆ. ನಿನ್ನ ಭಾವನೂ ಹಾಗೇ ಇದ್ದಾರೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ನೀನು ಕೆಲಸದ ಕಡೆ ಗಮನ ಕೊಡು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


ಏಪ್ರಿಲ್ 4

ಪ್ರೀತಿಯ ಅಕ್ಕ, ಪ್ರೀತಿಯ ಭಾವ,

ಗೆದ್ದೆವು! ಚಿನ್ನದ ಪದಕ, ಅದರ ಮೇಲೆ ಇಡೀ ಪ್ರದರ್ಶನದ ಅತ್ಯುತ್ತಮ ತೋಟವೆಂಬ ಬಹುಮಾನ. ಫೋನ್ ಮಾಡಬೇಡ ಎಂದಿದ್ದರೂ ತಡೆಯಲಾರದೆ ನಾಲ್ಕು ಸಲ ಮಾಡಿದೆ. ಇಬ್ಬರೂ ಎತ್ತಲಿಲ್ಲ.

ತೀರ್ಪುಗಾರರು ಬಂದ ಬೆಳಗ್ಗೆ ಏಳಕ್ಕೆ ಏಳೂ ಅರಳಿದ್ದವು. ಉಗುರಿನಷ್ಟು ಬಿಳಿ ಹೂ, ಒಳಗೆ ನೇರಳೆ ಗೀರು. ಮೂವರೂ ಬಿರುಕಿನ ಮುಂದೆ ಮೊಣಕಾಲೂರಿ ಕೂತುಬಿಟ್ಟರು. ಅವರಲ್ಲಿ ಹಿರಿಯರೊಬ್ಬರು, "ಇದನ್ನು ಚಿತ್ರದಲ್ಲಿ ಮಾತ್ರ ನೋಡಿದ್ದೆ" ಎಂದು ಕಣ್ಣೊರೆಸಿಕೊಂಡರು. ಗಾರೆಯ ಹೆಂಗಸು ನನ್ನ ಬೆನ್ನಿಗೆ ಗುದ್ದಿ, "ಗೋಡೆ ನಂದು, ನೆನಪಿರಲಿ" ಅಂದಳು. ವೇದಿಕೆಯ ಮೇಲೆ ನಾನು ಹೇಳಿದ್ದು ಒಂದೇ ಮಾತು: ಇದು ನನ್ನ ಭಾವನ ತೋಟ, ನಾನು ಮೇಸ್ತ್ರಿ.

ಮೊಗ್ಗು ಬಿಡು ಅಂತ ನೀವು ಹೇಳಿದ್ದರಿಂದಲೇ ಇದೆಲ್ಲ ಆದದ್ದು, ಭಾವ. ಇಲ್ಲಿ ಹಠಮಾರಿ ಚೆನ್ನಾಗಿದೆ. ನಿಮ್ಮ ಕೈಯಲ್ಲೇ ಒಂದು ಸಾಲು ಬರೆದು ಕಳಿಸಿ. "ಕತ್ತೆ" ಅಂತ ಬರೆದರೂ ಸಾಕು, ಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತೇನೆ.

ನಿಮ್ಮ ಮೇಸ್ತ್ರಿ


ಏಪ್ರಿಲ್ 11

ಮರಿ,

ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದೆ. ಓದುತ್ತಾ ಅತ್ತೆ. ಸಂತೋಷಕ್ಕೆ ಅಂದುಕೋ.

ಫೋನ್ ಕೆಟ್ಟಿದೆ, ರಿಪೇರಿಗೆ ಕೊಟ್ಟಿದ್ದೇನೆ. ಅವರ ಕೈ ನಡುಗುತ್ತದೆ, ಬರೆಯಲು ಆಗುವುದಿಲ್ಲ. ಕೇಳಬೇಡ.

ಒಂದು ಮಾತು. ಪ್ರದರ್ಶನ ಮುಗಿದ ಕೂಡಲೇ ಹಠಮಾರಿಯನ್ನು ಇಲ್ಲಿಗೆ ಕಳಿಸಿಬಿಡು. ಯಾರು ಕೇಳಿದರೂ ಕೊಡಬೇಡ, ಯಾರ ಕೈಗೂ ಕೊಡಬೇಡ, ನೀನೇ ಪೆಟ್ಟಿಗೆ ಕಟ್ಟು. ಅದು ಅಲ್ಲಿ ಚೆನ್ನಾಗಿದೆ ಎಂದು ಬರೆದಿದ್ದೆಯಲ್ಲ, ಆ ಒಂದು ಸಾಲನ್ನು ದಿನಕ್ಕೆ ಎಷ್ಟು ಸಲ ಓದುತ್ತೇನೋ ನನಗೇ ಗೊತ್ತಿಲ್ಲ.

ಅಕ್ಕ


ಏಪ್ರಿಲ್ 12

ಅಕ್ಕಾ,

ಇವತ್ತು ಪ್ರದರ್ಶನದ ಕೊನೆಯ ದಿನ. ಬೀಜಸಂಗ್ರಹದ ಕಚೇರಿಯಿಂದ ಒಬ್ಬ ಹೆಂಗಸು ಬಂದಿದ್ದರು. ಭಾವನ ಕೈಕೆಳಗೆ ಕೆಲಸ ಕಲಿತವರಂತೆ. ಗೋಡೆಯ ಮುಂದೆ ಬಹಳ ಹೊತ್ತು ನಿಂತು, ನನ್ನ ಕೈ ಹಿಡಿದುಕೊಂಡು, "ಸಾರ್ ಇನ್ನೊಂದು ತಿಂಗಳು ಇದ್ದಿದ್ದರೆ ಇದನ್ನ ನೋಡಿರೋರು" ಅಂದರು.

ನಾನು "ಎಲ್ಲಿಗೆ ಹೋಗಿದ್ದಾರೆ?" ಅಂತ ಕೇಳಿದೆ. ಅಕ್ಕಾ, ನಾನು ಹಾಗೇ ಕೇಳಿದೆ. ಆಕೆಯ ಮುಖ ನೋಡಿದ ಮೇಲೆ ಗೊತ್ತಾಯಿತು.

ಫೆಬ್ರವರಿ 26. ಇವತ್ತಿಗೆ ನಲವತ್ತೈದು ದಿನ. ನೀನು ಊರಿಗೆಲ್ಲ ಹೇಳಿದೆ. ಕಚೇರಿಗೆ ಹೇಳಿದೆ. ಹಾಲಿನವನಿಗೂ ಗೊತ್ತಿದ್ದಿರಬೇಕು. ನನಗೊಬ್ಬನಿಗೆ "ಹೆಚ್ಚಿಲ್ಲ, ಕಡಿಮೆಯಿಲ್ಲ" ಅಂತ ಬರೆದೆ. ಸತ್ತವರ ಹೆಸರಿನಲ್ಲಿ ನನಗೆ ಉಪದೇಶ ಬರೆದೆ. ನಾನು ವೇದಿಕೆ ಮೇಲೆ ನಿಂತು ಹಲ್ಲು ಕಿರಿಯುತ್ತಾ ಅವರಿಗೆ ಧನ್ಯವಾದ ಹೇಳುವಾಗ ಅವರಿರಲಿಲ್ಲ. ನನ್ನನ್ನು ಸಾಕಿದವರು ಅವರು. ಅವರ ಮುಖವನ್ನು ಕೊನೆಯ ಸಲ ನೋಡುವ ಹಕ್ಕು ನನಗಿತ್ತು. ನೀನು ಅದನ್ನು ಹೇಗೆ ಕಿತ್ತುಕೊಂಡೆ?

ನಾನೂ ಒಂದು ಸುಳ್ಳು ಹೇಳಿದ್ದೇನೆ, ಅದನ್ನೂ ಬರೆದುಬಿಡುತ್ತೇನೆ. ಹಠಮಾರಿ ಸತ್ತಿದೆ. ಬಹುಮಾನದ ಕಾಗದ ಬರೆಯುವ ಹಿಂದಿನ ದಿನವೇ ಹೂ ಬಾಡಿ ಎಲೆಯೆಲ್ಲ ಉದುರಿತ್ತು. ಬುಡ ಮೆತ್ತಗಾಗಿತ್ತು. ಜನರಿಗೆ "ಗಿಡ ವಿಶ್ರಾಂತಿಯಲ್ಲಿದೆ" ಎಂದು ಹೇಳುತ್ತಾ ಒಂಬತ್ತು ದಿನ ಒಣಕಡ್ಡಿಯನ್ನು ಪಾಚಿಯಲ್ಲಿ ಮುಚ್ಚಿ ನಿಲ್ಲಿಸಿದ್ದೆ. ಭಾವನಿಗೆ ಎದೆನೋವಾದೀತೆಂದು ಬರೆಯಲಿಲ್ಲ. ಮನೆಯಲ್ಲಿ ಇನ್ನೊಂದು ಇದೆ, ಅದನ್ನು ನೋಡಿಕೊಳ್ಳಲು ಅವರಿದ್ದಾರೆ ಎಂದು ಧೈರ್ಯ ತಂದುಕೊಂಡಿದ್ದೆ.

ಆ ಇನ್ನೊಂದನ್ನಾದರೂ ಜೋಪಾನ ಮಾಡು. ಸದ್ಯಕ್ಕೆ ನನ್ನಿಂದ ಬರಲಾಗುವುದಿಲ್ಲ. ನಿನ್ನ ಮುಖ ನೋಡಲು ಆಗುವುದಿಲ್ಲ.


ಏಪ್ರಿಲ್ 24

ಮರಿ,

ನಿನ್ನ ಕಾಗದ ಬಂದು ಐದು ದಿನವಾಯಿತು. ಬೈದಿದ್ದೀಯ, ಸರಿಯಾಗಿಯೇ ಬೈದಿದ್ದೀಯ. ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ, ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಡಿಸೆಂಬರಿನಲ್ಲೇ ಡಾಕ್ಟರು ಹೇಳಿದ್ದರು, ಎರಡೂ ಶ್ವಾಸಕೋಶ ಹೋಗಿದೆ, ಇನ್ನು ಎರಡು ಮೂರು ತಿಂಗಳು ಎಂದು. ನಿನಗೆ ತಿಳಿಸಬೇಡ ಎಂದು ಆಗ ಹೇಳಿದ್ದು ಅವರೇ. "ಹುಡುಗ ಕೆಲಸ ಬಿಟ್ಟು ಓಡಿ ಬರ್ತಾನೆ, ತೋಟ ಅರ್ಧಕ್ಕೆ ನಿಲ್ಲುತ್ತೆ" ಅಂದರು. ಆದರೆ ಕೊನೆಯ ವಾರ ಅವರ ಮನಸ್ಸು ಬದಲಾಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ.

ಫೆಬ್ರವರಿ 24, ಮಧ್ಯಾಹ್ನ. ದಿಂಬಿಗೊರಗಿ ಕೂತಿದ್ದರು. "ಮೇಸ್ತ್ರಿ ಜೊತೆ ಎರಡು ಮಾತಾಡಬೇಕು ಕಣೇ" ಅಂದರು. ನಾನು, "ಈಗ ಬೇಡ, ಅವನು ಗೋಡೆ ಕಟ್ಟೋ ಹೊತ್ತು. ನಿಮ್ಮ ದನಿ ಕೇಳಿದ್ರೆ ಅವನಿಗೆ ಗೊತ್ತಾಗಿಬಿಡುತ್ತೆ" ಅಂದೆ. "ಗೊತ್ತಾಗಲಿ" ಅಂದರು. ನಾನು ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಫೋನ್ ಕೈಗೆ ತೆಗೆದುಕೊಂಡು ಒತ್ತಿದ್ದರು. ಒಂದು ಸಲ ರಿಂಗಾಗಿತ್ತೋ ಇಲ್ಲವೋ, ಕೈಯಿಂದ ಕಿತ್ತುಕೊಂಡೆ. ಕಾಯಿಲೆಯವರ ಕೈಯಲ್ಲಿ ಏನು ಶಕ್ತಿಯಿರುತ್ತದೆ? ಸುಮ್ಮನೆ ಬಿಟ್ಟುಕೊಟ್ಟರು. "ಸರಿ, ಪ್ರದರ್ಶನ ಮುಗೀಲಿ" ಅಂದರು. ಮಾರನೆಯ ದಿನ ಮಾತು ನಿಂತಿತು. ಅದರ ಮಾರನೆಯ ದಿನ ಮೂರು ಗಂಟೆಗೆ ಹೋದರು. ನಾನು ಪಕ್ಕದಲ್ಲಿದ್ದೆ. ನರಳಲಿಲ್ಲ.

ಅವರನ್ನು ಕಳಿಸಿ ಬಂದ ಮೇಲೆ ನಿನಗೆ ತಿಳಿಸಬೇಕೆಂದು ಹಾಳೆ ತೆಗೆದುಕೊಂಡು ಕೂರುತ್ತಿದ್ದೆ. ಅವರಾಸೆ ತೋಟ ಮುಗಿಯಲಿ ಎಂಬುದಿತ್ತಲ್ಲ, ಅದನ್ನೇ ನೆಪ ಮಾಡಿಕೊಂಡೆ. ನಿಜ ಹೇಳಬೇಕೆಂದರೆ, ನಿನ್ನ ಕಾಗದಗಳಲ್ಲಿ ಅವರು ಇನ್ನೂ ಬದುಕಿದ್ದರು. ಭಾವ ಹೇಗಿದ್ದಾರೆ ಎಂದು ಕೇಳುವವನು ನೀನೊಬ್ಬನೇ ಉಳಿದಿದ್ದೆ. ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಇನ್ನೊಂದು ಇದೆ. ಗಿಡದ ಕುಂಡ ಬದಲಿಸಿದಾಗಲೆಲ್ಲ ಅವರು ಮೊಗ್ಗು ಚಿವುಟುತ್ತಿದ್ದರು. ಇಪ್ಪತ್ತು ವರ್ಷ ಅಡುಗೆಮನೆಯ ಕಿಟಕಿಯಿಂದ ನೋಡಿದ್ದೇನೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಬಿಡು ಎಂದು ಬರೆದೆ. ನೀನು ಗೆಲ್ಲಬೇಕಿತ್ತು ನನಗೆ. ನಿನ್ನ ತೋಟಕ್ಕೆಂದು ಅವರ ಬಾಯಿ ಮುಚ್ಚಿಸಿದವಳು ನಾನು. ಆ ತೋಟ ಹೂವಿಲ್ಲದೆ ಸೋತುಬಿಟ್ಟರೆ ಯಾವ ಮುಖ ಇಟ್ಟುಕೊಂಡು ಬದುಕಲಿ ಅನಿಸಿತು.

ಮನೆಯಲ್ಲಿದ್ದ ಹಠಮಾರಿಯೂ ಇಲ್ಲ. ಅವರು ಹೋದ ಮೇಲೆ ಒಂಬತ್ತು ದಿನ ನಾನು ಹಿತ್ತಲ ಬಾಗಿಲು ತೆಗೆಯಲಿಲ್ಲ. ತೆಗೆದಾಗ ಅದು ಒಣಗಿ ಕಡ್ಡಿಯಾಗಿತ್ತು. ನೀರು ಹಾಕಿದೆ, ಹದಿನೈದು ದಿನ ಹಾಕಿದೆ, ಚಿಗುರಲಿಲ್ಲ. ಕಳೆದ ಸಲದ ಬೀಜವನ್ನೆಲ್ಲ ಅವರು ಬಿತ್ತಿ ನೋಡಿದ್ದರು, ಒಂದೂ ಮೊಳೆತಿರಲಿಲ್ಲ. ನಿನ್ನ ಬಳಿ ಒಂದಿದೆ ಎಂದು ನಾನು ಉಸಿರಾಡುತ್ತಿದ್ದೆ, ನನ್ನ ಬಳಿ ಒಂದಿದೆ ಎಂದು ನೀನು.

ಅಕ್ಕ


ಮೇ 3

ಅಕ್ಕಾ,

ರಿಂಗಾಗಿತ್ತು.

ಒಂದೇ ಸಲ. ನಾನು ಗೋಡೆಯ ಬಿರುಕಿನ ಮುಂದೆ ಕೂತಿದ್ದೆ, ಫೋನ್ ಪಕ್ಕದ ಇಟ್ಟಿಗೆಯ ಮೇಲಿತ್ತು. ಪರದೆಯ ಮೇಲೆ ಭಾವ ಎಂದು ಬಂತು, ಎತ್ತುವಷ್ಟರಲ್ಲಿ ನಿಂತಿತು. ನಾನು ತಿರುಗಿ ಮಾಡಲಿಲ್ಲ. ಯಾಕೆಂದು ಹೇಳುತ್ತೇನೆ. ಆ ಹೊತ್ತಿನಲ್ಲಿ ನನ್ನ ಕೈಯಲ್ಲಿ ಹಠಮಾರಿ ಇತ್ತು, ಬೇರು ಬರಿದಾಗಿತ್ತು. ಭಾವನ ಜಲ್ಲಿಯನ್ನು ತೊಳೆದು ತೆಗೆದಿದ್ದೆ. ಹೊಸದಾಗಿ ಅಗೆದ ಒಂದು ಹಿಡಿ ಕಲ್ಲೂ ಇಲ್ಲವೆಂದು ಪತ್ರಿಕೆಗೆ ಹೇಳಿದ್ದೆನಲ್ಲ. ಒಡೆದುಹೋದ ಗುಡ್ಡದ ಜಲ್ಲಿ ಬೇರಿಗಂಟಿಕೊಂಡಿದ್ದರೆ ತೀರ್ಪುಗಾರರು ಎತ್ತಿ ಕೇಳಿಯಾರು ಎಂಬ ಭಯ. ಅದರ ಬದಲು ಗಿರಣಿಯ ಇಟ್ಟಿಗೆ ಪುಡಿ ತುಂಬಿದೆ. ಆ ಇಟ್ಟಿಗೆಯಲ್ಲಿ ಎಷ್ಟು ವರ್ಷದ ಬಣ್ಣದ ನೀರು, ಉಪ್ಪು ಕೂತಿತ್ತೋ. ಗಾರೆಯ ಹೆಂಗಸು ಆಗಲೇ ಹೇಳಿದಳು, "ಈ ಪುಡಿ ನಾಲಿಗೆಗೆ ಉಪ್ಪು ಹತ್ತುತ್ತೆ ಸಾರ್, ಬೇಡ." ನಾನು ಕೇಳಲಿಲ್ಲ. ಭಾವ ಜಲ್ಲಿಯ ವಿಷಯ ಕೇಳುತ್ತಾರೆ, ಸುಳ್ಳು ಹೇಳಬೇಕಾಗುತ್ತದೆ ಎಂದು ಫೋನನ್ನು ಮಗುಚಿ ಇಟ್ಟೆ.

ಮೊಗ್ಗಿನ ಪಾಪ ನಿನ್ನದು ಅಂದುಕೊಂಡು ಕೂರಬೇಡ. ಮೊಗ್ಗು ಚಿವುಟಿದ್ದರೂ ಅದು ಉಳಿಯುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ತೀರ್ಪುಗಾರರಿಗೆ ಎಲ್ಲ ಬರೆದು ತಿಳಿಸಿದೆ. ಬಹುಮಾನ ಹಿಂದಕ್ಕೆ ತೆಗೆದುಕೊಳ್ಳಿ ಎಂದೆ. ಬಹುಮಾನ ಕೊಟ್ಟದ್ದು ತೋಟವನ್ನು ನಾವು ನೋಡಿದ ದಿನದ ಸ್ಥಿತಿಗೆ, ಅದು ನಿಮ್ಮದೇ ಎಂದು ಉತ್ತರ ಬಂತು. ಗೋಡೆಯನ್ನು ಒಂದು ಆಸ್ಪತ್ರೆಯವರು ತಮ್ಮ ಅಂಗಳಕ್ಕೆ ಕೇಳಿದ್ದಾರೆ, ನಾಳೆಯಿಂದ ಬಿಚ್ಚುತ್ತೇವೆ. ಅಲ್ಲಿ ಬಿರುಕನ್ನು ಮುಚ್ಚಿ ಕಟ್ಟಲೇ ಎಂದು ಗಾರೆಯ ಹೆಂಗಸು ಕೇಳಿದಳು. ಬೇಡ, ಹಾಗೇ ಇರಲಿ ಎಂದೆ. ಕೆಳಗೆ ಒಂದು ಹಲಗೆ ಹಾಕಿಸುತ್ತೇನೆ, ಇಲ್ಲಿ ಏನಿತ್ತು, ಯಾರು ಬೆಳೆಸಿದ್ದು, ಯಾರ ಕೈಯಲ್ಲಿ ಸತ್ತಿತು ಎಂದು.

ಅವರು ಎರಡು ಮಾತು ಏನು ಹೇಳಬೇಕೆಂದಿದ್ದರು, ಅಕ್ಕ? ನಿನಗೇನಾದರೂ ಹೇಳಿದ್ದರೇ?

ತಮ್ಮ


ಮೇ 10

ಮರಿ,

ಏನು ಹೇಳಬೇಕೆಂದಿದ್ದರೋ ನನಗೆ ಹೇಳಲಿಲ್ಲ. ಹೇಳಿದ್ದರೆ ಬರೆಯುತ್ತಿದ್ದೆ. ಒಂದು ಒಳ್ಳೆಯ ಮಾತನ್ನು ನಾನೇ ಹೊಸೆದು ಅವರ ಹೆಸರಿನಲ್ಲಿ ಬರೆದು ಕಳಿಸಬಹುದಿತ್ತು, ಅದಕ್ಕೂ ಕೈ ಹೋಯಿತು. ಬರೆದು ಹರಿದು ಹಾಕಿದೆ. ಇನ್ನು ಅವರ ಬಾಯಿಂದ ನಾನು ಏನನ್ನೂ ಆಡಿಸುವುದಿಲ್ಲ.

ಆದರೆ ಇದೊಂದು ನನ್ನ ಮಾತು. ಅವತ್ತು ನೀನು ತಿರುಗಿ ಫೋನ್ ಮಾಡಿದ್ದರೂ ನಾನು ಎತ್ತುತ್ತಿರಲಿಲ್ಲ. ಫೋನ್ ನನ್ನ ಕೈಯಲ್ಲಿತ್ತು. ನೀನು ಹತ್ತು ಸಲ ಮಾಡಿದ್ದರೂ ಅವರ ಕಿವಿಗೆ ಮುಟ್ಟಿಸುತ್ತಿರಲಿಲ್ಲ. ಇಷ್ಟು ಸುಳ್ಳು ಹೇಳಿದವಳ ಮಾತನ್ನು ನಂಬುತ್ತೀಯೋ ಇಲ್ಲವೋ ಗೊತ್ತಿಲ್ಲ. ನಂಬು. ಆ ಭಾರ ನನ್ನದು, ನೀನು ಅರ್ಧ ಹೊರಲು ಬರಬೇಡ.

ಗಿಡದ ವಿಷಯದಲ್ಲಿ ನಾವಿಬ್ಬರೂ ಯಾರನ್ನು ಕ್ಷಮೆ ಕೇಳುವುದು? ಕೇಳಬೇಕಾದವರು ಇದ್ದಿದ್ದರೆ ಎರಡು ದಿನ ಮೌನವಾಗಿರುತ್ತಿದ್ದರು, ಮೂರನೆಯ ದಿನ ಕುಂಡ ತೊಳೆದಿಟ್ಟು ಬೇರೆ ಏನನ್ನೋ ಬಿತ್ತುತ್ತಿದ್ದರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಕುಂಡ ಹಾಗೇ ಇದೆ.

ನನ್ನ ಮುಖ ನೋಡಲು ಆಗುವುದಿಲ್ಲ ಎಂದು ನೀನು ಬರೆದಿದ್ದೆ. ನನಗೂ ಕನ್ನಡಿ ನೋಡಲು ಆಗುತ್ತಿಲ್ಲ. ಆದರೂ ಬಾ. ಗೋಡೆ ಬಿಚ್ಚಿ ಮುಗಿದ ಮೇಲೆ ಬಾ. ಜಗಳವಾಡುವುದಿದ್ದರೆ ಬಂದು ಆಡು, ಎದುರಿಗೆ ಕೂತು ಆಡು. ಮಾತಾಡುವುದು ಬೇಡವೆನಿಸಿದರೆ ಅದೂ ಸರಿ.

ಅವರ ಅಂಗಿಗಳು ಇನ್ನೂ ಬೀರುವಿನಲ್ಲಿ ತೂಗುತ್ತಿವೆ. ಬೀಜಸಂಗ್ರಹದ ಹುಡುಗಿಯರು ಬಂದು ತೆಗೆದುಕೊಡುತ್ತೇವೆ ಅಂದರು, ಬೇಡ, ನನ್ನ ತಮ್ಮ ಬರುತ್ತಾನೆ ಅಂದುಬಿಟ್ಟಿದ್ದೇನೆ. ಹನ್ನೊಂದು ಅಂಗಿ. ಒಬ್ಬಳೇ ಮಡಚಲು ನನ್ನಿಂದ ಆಗುತ್ತಿಲ್ಲ ಕಣೋ.

ನಿನ್ನ ಅಕ್ಕ